ಗುಡ್ಡಗಾಡಿನ ಸೈಕಲ್ ಪಂದ್ಯವೂ ದೇಹಾರೋಗ್ಯವೂ

ಆರೋಗ್ಯವೇ ಭಾಗ್ಯವೆಂಬ ಮಾತು ನಮ್ಮೆಲ್ಲರಿಗೂ ಬಾಲ್ಯದಿಂದಲೇ ಬಾಯಿಪಾಠವಾಗಿದೆ. ಆದರೆ ನಸುಕಿನಲ್ಲೆದ್ದು ಲೋಕಲ್ ಗಾಡಿ ಹಿಡಿದು, ಹಗಲೆಲ್ಲ ಕುರ್ಚಿಯಲ್ಲಿ ಕುಳಿತು, ಕತ್ತಲಾದ ಮೇಲೆ ಮನೆ ಸೇರುವ ಕಲ್ಯಾಣ, ಡೊಂಬಿವಲಿಯ ಜೀವನದಲ್ಲಿ ಆ ಭಾಗ್ಯವನ್ನು ಗಳಿಸಲು ಬಿಡುವು ದೊರೆಯುವುದು ದುರ್ಲಭ. ಇಂತಹ ಪರಿಸರದಲ್ಲಿ ನಮ್ಮ ತರುಣ ತರುಣಿಯರಲ್ಲಿ ಕೆಲವರು ರವಿವಾರ ಬೆಳಕು ಹರಿಯುವ ಮುನ್ನವೇ ದಪ್ಪ ಟಯರುಗಳ ಸೈಕಲ್ಲೇರಿ ಠಾಣೆಯ ಯೇವೂರ್ ಗುಡ್ಡಕ್ಕೋ, ಖಾರ್ಘರ್ ಬೆಟ್ಟಕ್ಕೋ, ಮಾಳ್ಶೇಜ್ ಘಾಟಿನ ದಾರಿಗೋ ಹೊರಡುತ್ತಿರುವುದು ಸಂತೋಷದ ಸಂಗತಿ. ಅವರಲ್ಲಿ ಕೆಲವರು ಸೈಕಲ್ಲನ್ನು ವಾಹನದ ಮೇಲೆ ಕಟ್ಟಿಕೊಂಡು ದೂರದ ಊರುಗಳ ಪಂದ್ಯಗಳಿಗೂ ಹೋಗುತ್ತಾರೆ. ಈ ಕ್ರೀಡೆ ಎಂಥದು, ಅದರಿಂದ ದೇಹಕ್ಕೆ ಬರುವ ಲಾಭವೇನು, ಅಪಾಯವೆಲ್ಲಿದೆ ಎಂಬುದನ್ನು ತಂದೆತಾಯಿಗಳೂ ಅರಿತಿರುವುದು ಅವಶ್ಯಕ. ಈ ಲೇಖಕನು ವೈದ್ಯನಲ್ಲ; ಬ್ಯಾಂಕಿನಲ್ಲಿ ಜಮಾಖರ್ಚು ನೋಡುವವನು. ಆದರೆ ದೇಹವೂ ಒಂದು ಜಮಾಖರ್ಚಿನ ಪುಸ್ತಕವೇ ಆಗಿರುವುದರಿಂದ ಈ ವಿಷಯವನ್ನು ವಿವರಿಸುವ ಧೈರ್ಯ ಮಾಡಿದ್ದಾನೆ.

ಕ್ರೀಡೆಯ ಹುಟ್ಟು

ಗುಡ್ಡಗಾಡಿನ ಸೈಕಲ್ ಪಂದ್ಯ ಹುಟ್ಟಿದ್ದು ಅಮೆರಿಕೆಯ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಮರೀನ್ ಜಿಲ್ಲೆಯ ಯುವಕರು ಹಳೆಯ ಕಾಲದ ಭಾರದ ಸೈಕಲ್ಲುಗಳನ್ನು ದುರಸ್ತಿ ಮಾಡಿಕೊಂಡು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯುವ ಆಟ ಹೂಡಿದರು. 1976ರ ಅಕ್ಟೋಬರಿನಲ್ಲಿ ಆರಂಭವಾದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದ ಬಗೆ ಸ್ವಾರಸ್ಯಕರವಾಗಿದೆ. ಒಂದು ಸಲ ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತ ಬಂದರೆ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಿದ ಹೊರತು ಸೈಕಲ್ ಮುಂದಿನ ಇಳಿತಕ್ಕೆ ಸಿದ್ಧವಾಗುತ್ತಿರಲಿಲ್ಲ. ಅವರಲ್ಲೊಬ್ಬರಾದ ಜೋ ಬ್ರೀಜ್ 1977ರಲ್ಲಿ ಈ ಆಟಕ್ಕೆಂದೇ ಹೊಸ ಚೌಕಟ್ಟನ್ನು ನಿರ್ಮಿಸಿದರು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಪದಕಗಳು ಮೀಸಲಾದವು.

ಈ ಸೈಕಲ್ಲಿನ ಟಯರ್ ಎರಡು ಅಂಗುಲಕ್ಕೂ ಅಗಲ, ಮೈಯೆಲ್ಲ ಗುಬಟು. ಮುಂದಿನ ಕವೆಯಲ್ಲಿ ಹೊಡೆತವನ್ನು ನುಂಗುವ ಸಾಧನವಿರುತ್ತದೆ. ಕಡಿದಾದ ಏರಿಗಾಗಿ ಅತಿ ಹಗುರವಾದ ಗೇರುಗಳಿರುತ್ತವೆ. ಪಂದ್ಯಗಳಲ್ಲಿ ಮುಖ್ಯವಾದವು ಎರಡು ಬಗೆ. ಗುಡ್ಡದ ತುದಿಯಿಂದ ಕೆಲವೇ ನಿಮಿಷಗಳಲ್ಲಿ ಇಳಿದುಬಿಡುವುದು ಒಂದು. ಏರು, ಇಳಿವು, ಕಲ್ಲು, ಬೇರುಗಳಿಂದ ಕೂಡಿದ ಕೆಲವು ಕಿಲೋಮೀಟರುಗಳ ಆವರ್ತವನ್ನು ಹಲವು ಸಲ ಸುತ್ತುವುದು ಇನ್ನೊಂದು. ಎರಡನೆಯದು ಉನ್ನತ ದರ್ಜೆಯಲ್ಲಿ ಸುಮಾರು ಒಂದೂವರೆ ಗಂಟೆಯ ಕಾಲ ನಡೆಯುತ್ತದೆ. ಆರೋಗ್ಯದ ದೃಷ್ಟಿಯಿಂದ ನಾವು ಇಲ್ಲಿ ವಿಚಾರಿಸಬೇಕಾದದ್ದು ಇದನ್ನೇ.

ನಮ್ಮ ನಾಡಿನ ಪಾಲು

ಹಿಮಾಚಲ ಪ್ರದೇಶದಲ್ಲಿ ಹಲವು ದಿನಗಳ ‘ಎಂ.ಟಿ.ಬಿ. ಹಿಮಾಲಯ’ ಪಂದ್ಯ 2005ರಲ್ಲಿ ಆರಂಭವಾಯಿತು. ಕರ್ನಾಟಕದ ಕಿರಣ್ ಕುಮಾರ್ ರಾಜು ಅವರು ರಾಷ್ಟ್ರೀಯ ಪ್ರಶಸ್ತಿ ಗಳಿಸಿ ಈ ಕ್ರೀಡೆಯಲ್ಲಿ ಹೆಸರಾದವರು. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳಂತೂ ಸೈಕಲ್ ಪಟುಗಳ ತವರೆನಿಸಿವೆ. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿಯೇ. ಅದೇ ಸೀಮೆಯಿಂದ ಬಂದು ಕಲ್ಯಾಣದ ಸುತ್ತ ನೆಲೆಸಿರುವ ನಮ್ಮ ಬಂಧುಗಳಿಗೆ ಇದು ಹೆಮ್ಮೆಯ ವಿಷಯ.

ನಮ್ಮ ಈಗಿನ ನೆಲೆಯೂ ಈ ಸಾಧನೆಗೆ ಅನುಕೂಲವಾದದ್ದೇ. ಕಲ್ಯಾಣದಲ್ಲಿ ರೈಲುಹಳಿ ಎರಡಾಗಿ ಕವಲೊಡೆದು, ಒಂದು ಕಸಾರೆಯ ಥಳ್ ಘಾಟಿಗೂ ಇನ್ನೊಂದು ಕರ್ಜತಿನ ಬೋರ್ ಘಾಟಿಗೂ ಸಾಗುತ್ತದೆ. ಬೋರ್ ಘಾಟಿನ ಗಾಡಿರಸ್ತೆ 1830ರಲ್ಲಿಯೂ ರೈಲುಮಾರ್ಗ 1863ರಲ್ಲಿಯೂ ತೆರೆದವು. ಹಲವು ದಶಕಗಳ ಹಿರಿಮೆಯುಳ್ಳ ಮುಂಬಯಿ-ಪುಣೆ ಸೈಕಲ್ ಪಂದ್ಯದಲ್ಲಿ ಈ ಘಾಟನ್ನು ಮೊದಲು ಏರಿದವನಿಗೆ ‘ಘಾಟಾಚಾ ರಾಜಾ’ ಎಂಬ ಬಿರುದುಂಟು. ಅದು ಡಾಂಬರು ರಸ್ತೆಯ ಪಂದ್ಯವಾದರೂ ಏರಿನ ಪಾಠ ಎರಡಕ್ಕೂ ಒಂದೇ.

ಏರಿನ ಲೆಕ್ಕ

ಬೋರ್ ಘಾಟಿನ ರೈಲುಮಾರ್ಗ 37 ಅಡಿಗೆ ಒಂದು ಅಡಿಯಂತೆ ಏರುತ್ತದೆ. ಅಷ್ಟು ಏರಿಗೇ ಅನೇಕ ರೈಲುಗಳಿಗೆ ಕರ್ಜತಿನಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ನುಗಳನ್ನು ಜೋಡಿಸಬೇಕಾಗುತ್ತದೆ. ರೈಲ್ವೆಯವರು ಆ ಎಂಜಿನ್ನನ್ನು ‘ಬ್ಯಾಂಕರ್’ ಎನ್ನುತ್ತಾರೆ! ಸೈಕಲ್ ಸವಾರನಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಲ್ಲ. ತನ್ನ ಖಾತೆಯಲ್ಲಿ ಕೂಡಿಟ್ಟದ್ದನ್ನೇ ಅವನು ಖರ್ಚು ಮಾಡಬೇಕು.

ಸವಾರ ಮತ್ತು ಸೈಕಲ್ಲಿನ ಒಟ್ಟು ತೂಕ 72 ಕಿಲೋ ಎಂದೂ, ಏರಿದ ಎತ್ತರ 500 ಮೀಟರ್ ಎಂದೂ ಹಿಡಿಯೋಣ. ಆ ಭಾರವನ್ನು ಮೇಲೆತ್ತುವ ಕೆಲಸಕ್ಕೆ ಸುಮಾರು 84 ಕಿಲೋಕ್ಯಾಲರಿ ಸಾಕು. ಆದರೆ ನಮ್ಮ ಸ್ನಾಯುಗಳು ಉರಿಸಿದ ಇಂಧನದಲ್ಲಿ ಕಾಲುಭಾಗದಷ್ಟನ್ನು ಮಾತ್ರ ಕೆಲಸವಾಗಿಸುತ್ತವೆ; ಉಳಿದದ್ದೆಲ್ಲ ಶಾಖವಾಗುತ್ತದೆ. ಆದುದರಿಂದ ನಿಜವಾದ ಖರ್ಚು ಸುಮಾರು 350 ಕಿಲೋಕ್ಯಾಲರಿ, ಅಂದರೆ ಎರಡು ಮೂರು ಜೋಳದ ರೊಟ್ಟಿಯಷ್ಟು. ಏರಿನಲ್ಲಿ ವೇಗ ಕಡಿಮೆ, ಮೈಗೆ ಗಾಳಿ ತಾಗುವುದಿಲ್ಲ. ಹೀಗಾಗಿ ಆ ಶಾಖವನ್ನು ಹೊರಹಾಕುವ ಭಾರವೆಲ್ಲ ಬೆವರಿನ ಮೇಲೆ ಬೀಳುತ್ತದೆ.

ದೇಹದಲ್ಲಿ ಇಂಧನದ ಎರಡು ಖಾತೆಗಳಿವೆ. ಸ್ನಾಯು ಮತ್ತು ಯಕೃತ್ತಿನಲ್ಲಿರುವ ಗ್ಲೈಕೋಜನ್ ಎಂಬ ಶರ್ಕರ ಚಾಲ್ತಿ ಖಾತೆಯಂತೆ. ಬೇಕೆಂದಾಗ ತಕ್ಷಣ ಕೈಗೆ ಬರುತ್ತದೆ, ಆದರೆ ಇರುವುದು ಸುಮಾರು 400ರಿಂದ 500 ಗ್ರಾಂ ಮಾತ್ರ. ಕೊಬ್ಬು ಮುದ್ದತಿ ಠೇವಣಿಯಂತೆ. ಮೊತ್ತ ದೊಡ್ಡದು, ಕೈಗೆ ಬರುವುದು ನಿಧಾನ. ಬಿರುಸಾಗಿ ತುಳಿದರೆ ಒಂದೂವರೆ ಎರಡು ಗಂಟೆಗಳಲ್ಲಿ ಚಾಲ್ತಿ ಖಾತೆ ಬರಿದಾಗುತ್ತದೆ. ಆಗ ಕಾಲು ಕಲ್ಲಾಗುತ್ತದೆ, ಕಣ್ಣು ಕತ್ತಲಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮೊದಲ ಸುತ್ತಿನಲ್ಲಿ ನೆನೆದವನು ಕೊನೆಯ ಸುತ್ತಿನಲ್ಲಿ ಮುಂದಿರುತ್ತಾನೆ.

ಪಯಣವೇ ಮೊದಲ ಸುತ್ತು

ಪಂದ್ಯ ಆರಂಭವಾಗುವುದು ಬಾವುಟ ಬೀಸಿದಾಗಲ್ಲ, ಮನೆಯಿಂದ ಹೊರಟಾಗ. ಇದನ್ನು ನಮ್ಮ ಜನ ಸಾಮಾನ್ಯವಾಗಿ ಮರೆಯುತ್ತಾರೆ. ಕಲ್ಯಾಣದಿಂದ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ಮಾರ್ಗವಾಗಿ ಗದಗಕ್ಕೆ ಸುಮಾರು 600 ಕಿಲೋಮೀಟರ್.

ನಮ್ಮ ಕಟ್ಟಡದ ತರುಣನೊಬ್ಬ ಕಳೆದ ವರ್ಷ ಉತ್ತರ ಕರ್ನಾಟಕದ ಒಂದು ಪಂದ್ಯಕ್ಕೆ ಇಂತಹುದೇ ದೂರವನ್ನು ಒಂದೇ ರಾತ್ರಿಯಲ್ಲಿ ಕ್ರಮಿಸಿದ. ಕಚೇರಿಯಿಂದ ಬಂದು ರಾತ್ರಿ ಒಂಬತ್ತಕ್ಕೆ ಹೊರಟು, ದಾರಿಯ ಢಾಬಾದಲ್ಲಿ ಎಣ್ಣೆಯೂಟ ಮಾಡಿ, ನಿದ್ದೆಯಿಲ್ಲದೆ ಬೆಳಗ್ಗೆ ಏಳಕ್ಕೆ ತಲುಪಿ, ಒಂಬತ್ತಕ್ಕೆ ಪಂದ್ಯಕ್ಕಿಳಿದ. ಎರಡನೆಯ ಸುತ್ತಿನಲ್ಲಿ ಮೀನಖಂಡಗಳು ಸೆಳೆದು ದಾರಿಯ ಬದಿಗೆ ಕುಳಿತ. ಮರಳುವಾಗ ವಾಹನ ನಡೆಸುತ್ತಿದ್ದ ಗೆಳೆಯನ ಕಣ್ಣು ಕ್ಷಣಕಾಲ ಮುಚ್ಚಿ, ವಾಹನ ರಸ್ತೆಯಂಚಿನ ಕಲ್ಲಿಗೆ ತಾಗಿ ನಿಂತಿತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಈ ವರ್ಷ ಮತ್ತೆ ಪಂದ್ಯದ ಮಾತು ಬಂದಾಗ ಅವನ ತಂದೆ, “ಸಾಹೇಬರ, ಹುಡುಗನ್ನ ಕಳಸಲ್ಯೋ ಬ್ಯಾಡೋ?” ಎಂದು ಕೇಳಿದರು. ಈ ಲೇಖನಕ್ಕೆ ಅವರ ಪ್ರಶ್ನೆಯೇ ಪ್ರೇರಣೆ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ವಾಹನ ಸುಮಾರು 90 ಮೀಟರ್ ಓಡಿರುತ್ತದೆ. ಗುಡ್ಡದ ಕಲ್ಲುದಾರಿಗಿಂತ ನಿದ್ದೆಗೆಟ್ಟವನ ಹೆದ್ದಾರಿ ಅಪಾಯಕರ. ಆದುದರಿಂದ ಪಾಲಿಸಬೇಕಾದ ನಿಯಮಗಳು ಇವು:

1. ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ವಾಹನ ನಡೆಸಬಾರದು. ಪಂದ್ಯದಲ್ಲಿ ಓಡಿದವನು ಅದೇ ದಿನ ಮರಳುವ ವಾಹನವನ್ನು ನಡೆಸಲೇಬಾರದು.

2. ಕನಿಷ್ಠ ಒಂದು ಪೂರ್ಣ ದಿನ ಮೊದಲೇ ಊರು ತಲುಪಿ, ಪಂದ್ಯದ ದಾರಿಯನ್ನು ನಿಧಾನವಾಗಿ ಒಮ್ಮೆ ಸುತ್ತಿ ನೋಡಿ, ರಾತ್ರಿ ಏಳೆಂಟು ಗಂಟೆ ನಿದ್ರಿಸಬೇಕು.

3. ಎರಡು ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಬೇಕು. ಬಹುಕಾಲ ಮಡಚಿಟ್ಟ ಕಾಲಿನಲ್ಲಿ ರಕ್ತದ ಹರಿವು ಮಂದವಾಗುತ್ತದೆ. ಪಯಣದ ನಂತರ ಒಂದೇ ಕಾಲು ಊದಿ ನೋವಾದರೆ ವೈದ್ಯರನ್ನು ಕಾಣಬೇಕು.

4. ಸಾಧ್ಯವಾದರೆ ರೈಲಿನಲ್ಲಿ ಹೋಗುವುದು ಮೇಲು. ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಯ ಮಾರ್ಗವಾಗಿ ಗದಗಕ್ಕೆ ಹೋಗುವ ರೈಲು ನಮ್ಮ ಕಲ್ಯಾಣದಲ್ಲಿ ನಿಲ್ಲುತ್ತದೆ. ಸೈಕಲ್ಲನ್ನು ಮುಂಚಿತವಾಗಿ ಲಗೇಜಿಗೆ ಹಾಕಿದರೆ ಮಲಗಿಕೊಂಡೇ ಊರು ಸೇರಬಹುದು.

ಅನ್ನ, ನೀರು, ಉಪ್ಪು

ಪಂದ್ಯಕ್ಕೆ ಎರಡು ಮೂರು ಗಂಟೆ ಮೊದಲು ಅನ್ನ, ಇಡ್ಲಿ, ಅವಲಕ್ಕಿಯಂತಹ ಸುಲಭವಾಗಿ ಜೀರ್ಣವಾಗುವ ಆಹಾರ ಸಾಕು. ಹೊಸ ಊರಿನಲ್ಲಿ ಹೊಸ ತಿನಿಸನ್ನು ಪರೀಕ್ಷಿಸುವುದು ಬೇಡ. ಗಂಟೆಗಿಂತ ಹೆಚ್ಚು ಕಾಲದ ಶ್ರಮಕ್ಕೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ.

ನೀರಿನ ವಿಷಯದಲ್ಲಿ ನಮ್ಮವರು ಮೋಸಹೋಗುವುದು ಹವೆಯ ವ್ಯತ್ಯಾಸದಿಂದ. ಕೊಂಕಣದ ತೇವದ ಹವೆಯಲ್ಲಿ ಬೆವರು ಮೈಮೇಲೆಯೇ ನಿಲ್ಲುವುದರಿಂದ ಎಷ್ಟು ಬೆವರಿದೆವೆಂಬುದು ತಿಳಿಯುತ್ತದೆ. ಘಾಟಿನ ಆಚೆಯ ಒಣಹವೆಯಲ್ಲಿ ಅದು ಕೂಡಲೇ ಆರಿಹೋಗಿ, ಬೆವರೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಅಭ್ಯಾಸದ ದಿನಗಳಲ್ಲಿ ಸವಾರಿಯ ಮುಂಚೆ ಮತ್ತು ನಂತರ ತೂಕ ನೋಡಿಕೊಳ್ಳುವುದು ಸುಲಭೋಪಾಯ. 60 ಕಿಲೋ ತೂಕದವನಲ್ಲಿ 1.2 ಕಿಲೋಗಿಂತ ಹೆಚ್ಚು ಇಳಿದಿದ್ದರೆ ನೀರು ಸಾಲದೆಂದು ತಿಳಿಯಬೇಕು. ಹಾಗೆಂದು ಉಪ್ಪಿಲ್ಲದ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ತಗ್ಗಿ ತಲೆನೋವು, ವಾಂತಿ, ಮತಿಭ್ರಮೆ ಉಂಟಾಗಬಹುದು. ಔಷಧದ ಅಂಗಡಿಯಲ್ಲಿ ಸಿಗುವ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದ ಅಳತೆಯ ಶುದ್ಧ ನೀರಿನಲ್ಲಿ ಕರಗಿಸಬೇಕು. ಅದೇ ಹೆಸರಿನ ನೆರಳಿನಲ್ಲಿ ಮಾರಾಟವಾದ ಸಿಹಿ ಪಾನೀಯಗಳೂ ಉಂಟು; ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವುದನ್ನು ನೋಡಿ ಕೊಳ್ಳಬೇಕು. ನೋವು ಬಾರದಿರಲೆಂದು ಪಂದ್ಯದ ಮೊದಲೇ ನೋವಿನ ಗುಳಿಗೆ ನುಂಗುವ ರೂಢಿ ಮೂತ್ರಪಿಂಡಗಳಿಗೆ ಹಾನಿಕರ.

ಸವಾರನು ಅಸಂಬದ್ಧವಾಗಿ ಮಾತನಾಡುತ್ತ, ತೂರಾಡುತ್ತ, ಮೈ ಸುಡುತ್ತಿದ್ದರೆ ಅದು ಉಷ್ಣಾಘಾತ. ಆಸ್ಪತ್ರೆಯ ವಾಹನಕ್ಕೆ ಕಾಯುತ್ತ ಕೂರದೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕುತ್ತಿರಬೇಕು. ಇಲ್ಲಿ ಪ್ರತಿ ನಿಮಿಷವೂ ಅಮೂಲ್ಯ.

ಬಿದ್ದಾಗ

ಈ ಆಟದಲ್ಲಿ ಬೀಳದವರಿಲ್ಲ. ಚಾಚಿದ ಕೈಯ ಮೇಲೆ ಬಿದ್ದು ಕೊರಳೆಲುಬು ಅಥವಾ ಮಣಿಕಟ್ಟು ಮುರಿಯುವುದುಂಟು. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆದು, ಧನುರ್ವಾಯು ನಿರೋಧಕ ಲಸಿಕೆ ಯಾವಾಗ ಆಗಿತ್ತೆಂಬುದನ್ನು ವೈದ್ಯರಿಗೆ ತಿಳಿಸಬೇಕು. ಹೆಲ್ಮೆಟ್ ಇಲ್ಲದೆ ಸೈಕಲ್ ಏರಲೇಬಾರದು. ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು. ತಲೆಗೆ ಪೆಟ್ಟಾಗಿ ಮಂಕು, ವಾಕರಿಕೆ ಕಂಡವನು ಆ ದಿನ ಮತ್ತೆ ಸೈಕಲ್ ಏರತಕ್ಕದ್ದಲ್ಲ. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಲವತ್ತು ದಾಟಿದವರಿಗೆ

ಮಕ್ಕಳನ್ನು ನೋಡಿ ನಮಗೂ ಹುಮ್ಮಸ್ಸು ಬರುವುದು ಸಹಜ, ಬರಬೇಕು ಕೂಡ. ಸೈಕಲ್ ತುಳಿಯುವುದು ಮೊಣಕಾಲಿನ ಮೇಲೆ ದೇಹದ ಭಾರ ಬೀಳದ ವ್ಯಾಯಾಮ. ವಾರಕ್ಕೆ 150 ನಿಮಿಷಗಳ ಸಾಧಾರಣ ಶ್ರಮವು ರಕ್ತದೊತ್ತಡ, ಮಧುಮೇಹಗಳ ಹತೋಟಿಗೆ ಸಹಾಯಕ. ಆದರೆ ವರ್ಷಗಟ್ಟಲೆ ಕುಳಿತ ದೇಹವನ್ನು ಏಕಾಏಕಿ ಘಾಟಿಗೆ ಹತ್ತಿಸಬಾರದು. ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು, ಸಮತಟ್ಟಾದ ದಾರಿಯಿಂದ ತೊಡಗಿ ತಿಂಗಳುಗಳಲ್ಲಿ ಏರಿಗೆ ಬರಬೇಕು. ಎದೆಯಲ್ಲಿ ಬಿಗಿತ, ದವಡೆ ಅಥವಾ ಎಡದೋಳಿಗೆ ಹರಿಯುವ ನೋವು ಕಂಡರೆ ಅಲ್ಲಿಯೇ ಇಳಿದು ಸಹಾಯ ಕೋರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡಿರಬೇಕು. ದೀರ್ಘ ಸವಾರಿಯ ದಿನ ರಾತ್ರಿಯೂ ರಕ್ತದ ಸಕ್ಕರೆ ತಗ್ಗುವ ಸಂಭವವುಂಟು.

ಈಗ ಆ ತಂದೆಯ ಪ್ರಶ್ನೆಗೆ ಉತ್ತರ. ಮಗನನ್ನು ಅವಶ್ಯವಾಗಿ ಕಳುಹಿಸಿ. ಆದರೆ ಒಂದು ದಿನ ಮೊದಲು ಕಳುಹಿಸಿ, ಒಂದು ದಿನ ತಡವಾಗಿ ಬರಲು ಹೇಳಿ. ಎರಡು ದಿನದ ರಜೆ ಸಿಗದಿದ್ದರೆ ಆ ವರ್ಷದ ಪಂದ್ಯವನ್ನು ಬಿಡುವುದೇ ಲೇಸು. ಮುಂದಿನ ವರ್ಷ ಗುಡ್ಡ ಅಲ್ಲಿಯೇ ಇರುತ್ತದೆ. ನಮ್ಮ ಮಕ್ಕಳು ಘಾಟುಗಳನ್ನೇರಿ, ಆರೋಗ್ಯವಂತರಾಗಿ, ಕ್ಷೇಮವಾಗಿ ಮನೆಗೆ ಮರಳಲೆಂದು ಹಾರೈಸುತ್ತೇನೆ.