ಹ್ಯಾಕರ್‌ಗೆ ಬಾಗಿಲು ತೆಗೆಯುವವರು ಯಾರು?

2025ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಸಿಗ್ಮಾ ಟೆಕ್ ಪಾರ್ಕ್‌ನಲ್ಲಿದ್ದ ಕಚೇರಿಯೊಂದರ ಮೇಲೆ ಪೊಲೀಸರು ದಾಳಿ ನಡೆಸಿ 21 ಮಂದಿಯನ್ನು ಬಂಧಿಸಿದರು. ಮೈಕ್ರೋಸಾಫ್ಟ್‌ನ ತಾಂತ್ರಿಕ ಸಿಬ್ಬಂದಿ ಎಂದು ಹೇಳಿಕೊಂಡು ಅಮೆರಿಕದ ಜನರಿಂದ ಹಣ ಕೀಳುತ್ತಿದ್ದರು ಎನ್ನುವುದು ಅವರ ಮೇಲಿದ್ದ ಆರೋಪ. ಪೊಲೀಸರು ಹೇಳಿದ ಪ್ರಕಾರ ದಂಧೆ ಶುರುವಾಗುತ್ತಿದ್ದುದು ಫೇಸ್‌ಬುಕ್ ಜಾಹೀರಾತಿನಿಂದ. ಅದನ್ನು ಒತ್ತಿದವರ ಕಂಪ್ಯೂಟರ್ ಲಾಕ್ ಆಗಿ, ಪರದೆಯ ಮೇಲೆ ನಕಲಿ ಸಹಾಯವಾಣಿಯ ನಂಬರು ಮೂಡುತ್ತಿತ್ತು. ಗಾಬರಿಯಾದವರು ತಾವೇ ಕರೆ ಮಾಡುತ್ತಿದ್ದರು.

ಮನೆಯ ಕಂಪ್ಯೂಟರಿಗೆ ನುಗ್ಗುವ ಕಳ್ಳರು ಹೆಚ್ಚಾಗಿ ಹಿಡಿಯುವ ದಾರಿಯೇ ಇದು. ಹೆದರಿಸಿ, ಅವಸರಪಡಿಸಿ, ಮಾಲೀಕರ ಕೈಯಿಂದಲೇ ಬಾಗಿಲು ತೆಗೆಸುತ್ತಾರೆ.

ಆ ಪರದೆ ಹೇಗಿರುತ್ತದೆ ಎಂದು ಮೊದಲೇ ತಿಳಿದಿದ್ದರೆ ಅರ್ಧ ಭಯ ಇಳಿಯುತ್ತದೆ. ಏನೋ ಓದುತ್ತಿರುವಾಗ ಬ್ರೌಸರ್ ಇದ್ದಕ್ಕಿದ್ದಂತೆ ಇಡೀ ಪರದೆಯನ್ನು ಆವರಿಸುತ್ತದೆ. ಕೆಂಪು ಅಕ್ಷರದ ಎಚ್ಚರಿಕೆ, ಬಿಡದೆ ಹೊಡೆದುಕೊಳ್ಳುವ ಬೀಪ್, ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎನ್ನುವ ದನಿ, ಕೆಳಗೊಂದು ಫೋನ್ ನಂಬರು. ಸಾಮಾನ್ಯವಾಗಿ ಇಷ್ಟೂ ಒಂದು ವೆಬ್ ಪುಟದ ಆಟ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರೆ ಅದು ಪರದೆ ಬಿಟ್ಟುಕೊಡುತ್ತದೆ. ಜಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಮೂಲಕ ಬ್ರೌಸರನ್ನು ಮುಚ್ಚಬಹುದು. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರು ಇರುವುದೇ ಇಲ್ಲ.

ಕರೆ ಮಾಡಿದವರಿಗೆ ಮುಂದಿನ ಬಲೆ ಕಾದಿರುತ್ತದೆ. ವಂಚಕರು ವಿಂಡೋಸ್‌ನ ‘ಇವೆಂಟ್ ವ್ಯೂವರ್’ ತೆರೆಸುತ್ತಾರೆ. ಯಾವ ತೊಂದರೆಯೂ ಇಲ್ಲದ ಕಂಪ್ಯೂಟರಿನಲ್ಲೂ ಅಲ್ಲಿ ಹಳದಿ, ಕೆಂಪು ಗುರುತುಗಳು ಸಾಲಾಗಿ ಇದ್ದೇ ಇರುತ್ತವೆ; ಅವನ್ನೇ ವೈರಸ್ ಎಂದು ನಂಬಿಸುತ್ತಾರೆ. ಆಮೇಲೆ ಎನಿಡೆಸ್ಕ್‌ನಂತಹ ತಂತ್ರಾಂಶ ಹಾಕಿಸುತ್ತಾರೆ. ದೂರದಿಂದಲೇ ಕಂಪ್ಯೂಟರ್ ನಡೆಸಲು ಐಟಿ ಸಿಬ್ಬಂದಿಯೂ ಬಳಸುವ ಸಾಧನವದು. ಅದು ತೋರಿಸುವ ಅಂಕಿಗಳನ್ನು ಅಪರಿಚಿತರಿಗೆ ಓದಿ ಹೇಳಿ ಅನುಮತಿ ಕೊಟ್ಟರೆ ನೆಟ್‌ಬ್ಯಾಂಕಿಂಗ್, ಇಮೇಲ್, ಮಕ್ಕಳ ಫೋಟೊ, ಆಧಾರ್ ಪ್ರತಿ ಎಲ್ಲವೂ ಅವರ ಕೈಗೆ ಸಿಕ್ಕಂತೆಯೇ.

ಕಂಪ್ಯೂಟರ್ ಬಲ್ಲವರೂ ಮೋಸ ಹೋಗುತ್ತಾರೆ. ತನ್ನ ಕೆಲವು ನೌಕರರ ಖಾತೆಗಳು ಫಿಶಿಂಗ್ ದಾಳಿಗೆ ತುತ್ತಾಗಿದ್ದನ್ನು ಬೆಂಗಳೂರಿನ ವಿಪ್ರೊ ಕಂಪನಿ 2019ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಫಿಶಿಂಗ್ ಎಂದರೆ ನಂಬುವಂತಹ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವುದು. ಹೀಗಾಗಿ ಮೊದಲು ಭದ್ರಪಡಿಸಬೇಕಾದದ್ದು ಇಮೇಲ್ ಖಾತೆಯನ್ನು. ಮಿಕ್ಕ ಖಾತೆಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ. ಅದಕ್ಕೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಎರಡು ಹಂತದ ದೃಢೀಕರಣ ಹಾಕಿಕೊಂಡರೆ, ಬರೀ ಪಾಸ್‌ವರ್ಡ್ ಕದ್ದವರಿಗೆ ಒಳಗೆ ಬರಲಾಗದು.

ಪೀಣ್ಯದ ಸಣ್ಣ ವರ್ಕ್‌ಶಾಪ್ ನಡೆಸುವವರ ಮನೆಗಳಲ್ಲಿ ಇನ್ನೊಂದು ಅಪಾಯವಿದೆ. ಟ್ಯಾಲಿ ಲೆಕ್ಕ, ಜಿಎಸ್‌ಟಿ, ಬ್ಯಾಂಕು, ಮಕ್ಕಳ ಗೇಮು ಎಲ್ಲಕ್ಕೂ ಒಂದೇ ಹಳೆಯ ಕಂಪ್ಯೂಟರ್ ಇದ್ದರೆ, ಗೇಮಿನ ಜೊತೆ ಬಂದ ವೈರಸ್ ಲೆಕ್ಕಪತ್ರವನ್ನೂ ನುಂಗಬಹುದು. 2017ರ ಮೇ 12ರಂದು ಹಬ್ಬತೊಡಗಿದ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳಾದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಬಳಸುವವರು ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳಬೇಕು, ಇಲ್ಲವೇ ಹೊಸ ಆವೃತ್ತಿಗೆ ಬದಲಾಗಬೇಕು. ಲೆಕ್ಕದ ಕಡತಗಳ ಒಂದು ಪ್ರತಿ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್‌ನಲ್ಲಿರಲಿ. ನಕಲು ಮುಗಿದ ಕೂಡಲೇ ಅದರ ವೈರು ತೆಗೆದಿಡಬೇಕು. ಚುಚ್ಚಿಯೇ ಬಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ.

ವೈಫೈ ರೂಟರ್ ಕಡೆ ಗಮನ ಹರಿಸುವವರು ಕಡಿಮೆ. ಅದನ್ನು ತಿರುಗಿಸಿ ನೋಡಿದರೆ ತಳದಲ್ಲೊಂದು ಚೀಟಿ ಅಂಟಿಸಿರುತ್ತದೆ. ಎಷ್ಟೋ ಹಳೆಯ ರೂಟರ್‌ಗಳಲ್ಲಿ ಯೂಸರ್‌ನೇಮ್ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯಿಂದ ಬಂದ ಇಂತಹ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಪ್ರಯತ್ನಿಸಿ ಲಕ್ಷಾಂತರ ರೂಟರ್, ಕ್ಯಾಮೆರಾಗಳನ್ನು ವಶಪಡಿಸಿಕೊಂಡಿತು. ಎಲೆಕ್ಟ್ರಾನಿಕ್ ಸಿಟಿಯ ಫ್ಲ್ಯಾಟ್‌ಗಳಲ್ಲಿ ಮಗುವನ್ನೋ ಮನೆಗೆಲಸದವರನ್ನೋ ಕಚೇರಿಯಿಂದ ನೋಡಲು ಕ್ಯಾಮೆರಾ ಹಾಕಿಸಿದವರು ಇದನ್ನು ಮರೆಯಬಾರದು. ಪಾಸ್‌ವರ್ಡ್ ಬದಲಿಸದಿದ್ದರೆ ಅದೇ ಕ್ಯಾಮೆರಾದಲ್ಲಿ ಮನೆಯೊಳಗನ್ನು ಬೇರೆಯವರೂ ನೋಡಬಹುದು. ಕಂಪ್ಯೂಟರಿನಲ್ಲಿ ವೈರಸ್ ಇರುವ ಅನುಮಾನವಿದ್ದರೆ, ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಅದನ್ನು ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಇಷ್ಟಾದರೂ ಅನಾಹುತ ಆಗಿಯೇ ಹೋದರೆ? ಮೊದಲು ಇಂಟರ್‌ನೆಟ್ ಕಡಿಯಬೇಕು. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ದೂರು. ಪಾಸ್‌ವರ್ಡ್‌ಗಳನ್ನು ಬೇರೊಂದು ಕಂಪ್ಯೂಟರ್ ಅಥವಾ ಫೋನಿನಿಂದ ಬದಲಿಸಬೇಕು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಇಂದು ವೈಟ್‌ಫೀಲ್ಡ್ ಸೇರಿದಂತೆ ನಗರದ ವಿಭಾಗಗಳಲ್ಲಿ ಸೈಬರ್ ಅಪರಾಧ (ಸೆನ್) ಠಾಣೆಗಳಿವೆ. ನಾಚಿಕೆಯಿಂದ ದೂರನ್ನು ತಡಮಾಡಿದಷ್ಟೂ ನಷ್ಟ ಹೆಚ್ಚು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಾಸ್‌ವರ್ಡ್ ಹೇಳಿ ಕೆಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು. ಹಾಗಾಗಿ ದೂರು ಕೊಟ್ಟ ದಿನ, ವೇಳೆ ಮತ್ತು ದೂರಿನ ಸಂಖ್ಯೆಯನ್ನು ಅಲ್ಲೇ ಬರೆದಿಟ್ಟುಕೊಳ್ಳಬೇಕು.