ಹೇಂಟೆಗಳು ಮಲಗಬೇಕಾದುದು ಅಡ್ಡಕೋಲಿನ ಮೇಲೆ, ಮೊಟ್ಟೆ ಪೆಟ್ಟಿಗೆಯಲ್ಲಲ್ಲ

ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವ ಮನೆಗಳಲ್ಲಿ ಬೆಳಗ್ಗೆ ಗೂಡಿನ ಬಾಗಿಲು ತೆಗೆದಾಗ ಒಂದು ದೃಶ್ಯ ಆಗಾಗ ಕಾಣಸಿಗುತ್ತದೆ. ಕೋಳಿಗಳು ಕೂರಲೆಂದು ಕಟ್ಟಿದ ಅಡ್ಡಕೋಲು ಬರಿದಾಗಿರುತ್ತದೆ. ನಾಲ್ಕಾರು ಹೇಂಟೆಗಳು ಮೊಟ್ಟೆಯಿಡುವ ಪೆಟ್ಟಿಗೆಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗಿರುತ್ತವೆ. ಪೆಟ್ಟಿಗೆಯ ಹುಲ್ಲು ಹಿಕ್ಕೆಯಿಂದ ಒದ್ದೆಯಾಗಿರುತ್ತದೆ. ಇನ್ನೊಂದೆರಡು ಗಂಟೆಗಳಲ್ಲಿ ಆ ದಿನದ ಮೊಟ್ಟೆಗಳೂ ಅದೇ ಹುಲ್ಲಿನ ಮೇಲೆ ಬೀಳುತ್ತವೆ. ಮನೆಯಾಕೆ ಮೊಟ್ಟೆಗಳನ್ನು ತೊಳೆದು ಒರೆಸಿ ಬುಟ್ಟಿಗೆ ಹಾಕುತ್ತಾಳೆ. ಇದು ಕೋಳಿಗಳ ಕೆಟ್ಟ ಚಾಳಿ, ಏನೂ ಮಾಡಲಾಗದು ಎಂದು ಹಲವರು ಸುಮ್ಮನಾಗಿಬಿಡುತ್ತಾರೆ. ಆದರೆ ಇದು ಚಾಳಿಯಲ್ಲ. ಮರಿಯಿದ್ದಾಗ ಕಲಿಯದೆ ಉಳಿದ ಪಾಠ. ಸ್ವಲ್ಪ ತಾಳ್ಮೆ ಇದ್ದರೆ ಬೆಳೆದ ಕೋಳಿಗೂ ಇದನ್ನು ಕಲಿಸಬಹುದು.

ನಷ್ಟ ಎಷ್ಟೆಂಬುದನ್ನು ಮೊದಲು ನೋಡೋಣ. ಮೊಟ್ಟೆಯಿಡುವ ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಅಥವಾ ಅದಕ್ಕಿಂತ ತುಸು ಹೆಚ್ಚು ಹಸಿ ಹಿಕ್ಕೆ ಹಾಕುತ್ತದೆ. ಇದರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬೀಳುವುದು ರಾತ್ರಿ, ಅದು ಮಲಗಿದ ಜಾಗದಲ್ಲಿ. ನಾಲ್ಕು ಹೇಂಟೆಗಳು ಪೆಟ್ಟಿಗೆಯಲ್ಲಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿ 200 ಗ್ರಾಂ ಹಿಕ್ಕೆ ಸೇರಿರುತ್ತದೆ. ಒಂದು ವಾರಕ್ಕೆ ಸುಮಾರು ಒಂದೂವರೆ ಕಿಲೋ.

ಮೊಟ್ಟೆ ಹೊರಬಂದಾಗ ಕೋಳಿಯ ಮೈಯಷ್ಟೇ ಬಿಸಿಯಾಗಿರುತ್ತದೆ, ಅಂದರೆ ಸುಮಾರು 41 ಡಿಗ್ರಿ ಸೆಂಟಿಗ್ರೇಡ್. ಹೊರಗಿನ ಗಾಳಿಗೆ ಅದು ತಣಿಯುತ್ತಿದ್ದಂತೆ ಒಳಗಿನ ಲೋಳೆ ಮತ್ತು ಭಂಡಾರ ಕುಗ್ಗಿ, ಚಿಪ್ಪಿನ ಸಾವಿರಾರು ಸಣ್ಣ ರಂಧ್ರಗಳ ಮೂಲಕ ಗಾಳಿಯನ್ನು ಒಳಕ್ಕೆಳೆಯುತ್ತವೆ. ಮೊಟ್ಟೆಯ ದಪ್ಪ ತುದಿಯಲ್ಲಿ ಕಾಣುವ ಗಾಳಿಗೂಡು ಉಂಟಾಗುವುದು ಹೀಗೆ. ಆ ಹೊತ್ತಿನಲ್ಲಿ ಚಿಪ್ಪಿಗೆ ಹಸಿ ಹಿಕ್ಕೆ ಅಂಟಿದ್ದರೆ ಗಾಳಿಯ ಜೊತೆಗೆ ರೋಗಾಣುಗಳೂ ಒಳಸೇರುತ್ತವೆ. ಮೇಲೆ ತೊಳೆದ ಮಾತ್ರಕ್ಕೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ತಣ್ಣೀರಿನಲ್ಲಿ ತೊಳೆದರಂತೂ ಕೇಡು ಹೆಚ್ಚು. ರಂಧ್ರಗಳನ್ನು ಮುಚ್ಚಿರುವ ತೆಳುಪೊರೆ ಕಳಚಿಹೋಗುತ್ತದೆ, ಮೊಟ್ಟೆ ಇನ್ನಷ್ಟು ಕುಗ್ಗಿ ಕೊಳೆನೀರನ್ನು ಹೀರಿಕೊಳ್ಳುತ್ತದೆ.

ತಿನ್ನುವ ಮೊಟ್ಟೆ ಬೇಗ ಕೆಡುವುದು ಒಂದು ನಷ್ಟ. ಮರಿ ಮಾಡಿಸಲು ಇಡುವ ಮೊಟ್ಟೆಯಲ್ಲಿ ನಷ್ಟ ಇನ್ನೂ ದೊಡ್ಡದು. 21 ದಿನ ಕಾವಿನ ಬಿಸಿಯಲ್ಲಿರುವಾಗ ಒಳಸೇರಿದ ರೋಗಾಣುಗಳು ಬೆಳೆದು ಭ್ರೂಣ ಸಾಯುತ್ತದೆ. ಕೊಳೆತ ಮೊಟ್ಟೆ ಕಾವಿನಡಿ ಒಡೆದರೆ ಪಕ್ಕದ ಒಳ್ಳೆಯ ಮೊಟ್ಟೆಗಳೂ ಹಾಳು. ಹಿತ್ತಲ ಕೋಳಿಯ ಆದಾಯ ಬಹುಪಾಲು ಹೆಣ್ಣುಮಕ್ಕಳ ಕೈಖರ್ಚಿನದು ಎಂಬುದನ್ನು ವಿಸ್ತರಣಾ ಕಾರ್ಯಕರ್ತರು ಗಮನದಲ್ಲಿಟ್ಟರೆ ಇದು ಸಣ್ಣ ವಿಷಯವಲ್ಲವೆಂದು ತಿಳಿಯುತ್ತದೆ.

ಕೋಳಿ ಪೆಟ್ಟಿಗೆ ಹೊಕ್ಕುವುದು ಏಕೆ?

ನಮ್ಮ ಸಾಕುಕೋಳಿಗಳ ಮೂಲ ಕೆಂಪು ಕಾಡುಕೋಳಿ. ಅದು ಹಗಲೆಲ್ಲ ನೆಲ ಕೆದಕಿ ಮೇಯುತ್ತದೆ, ಸಂಜೆಗೆ ಮರದ ಕೊಂಬೆ ಏರುತ್ತದೆ. ನಾಟಿ ಕೋಳಿ ಈ ಗುಣವನ್ನು ಇಂದಿಗೂ ಬಿಟ್ಟಿಲ್ಲ. ಗೂಡಿಗೆ ಕೂಡದೆ ಬಿಟ್ಟರೆ ಹಲಸಿನ ಮರವನ್ನೋ ಕೊಟ್ಟಿಗೆಯ ತೊಲೆಯನ್ನೋ ಹುಡುಕಿಕೊಳ್ಳುತ್ತದೆ. ಅದರ ಮರಿಗಳು ಮೊದಮೊದಲು ನೆಲದ ಮೇಲೆ ತಾಯಿಯ ರೆಕ್ಕೆಯಡಿ ಮಲಗುತ್ತವೆ. ರೆಕ್ಕೆ ಬಲಿತ ಮೇಲೆ ತಾಯಿ ಸಂಜೆ ಎತ್ತರದ ಜಾಗಕ್ಕೆ ಹಾರಿ ಕೂಗಿ ಕರೆಯುತ್ತದೆ, ಮರಿಗಳು ಒಂದೊಂದಾಗಿ ಹಿಂಬಾಲಿಸುತ್ತವೆ. ಯಾರೂ ಕಲಿಸಬೇಕಾಗಿಲ್ಲ.

ಗಿರಿರಾಜ, ಸ್ವರ್ಣಧಾರ ಮುಂತಾದ ಸುಧಾರಿತ ತಳಿಗಳ ಮರಿಗಳ ಕತೆ ಬೇರೆ. ಅವು ಯಂತ್ರದ ಕಾವಿನಲ್ಲಿ ಹುಟ್ಟಿ, ರಟ್ಟಿನ ಪೆಟ್ಟಿಗೆಯಲ್ಲಿ ಊರಿಗೆ ಬಂದು, ವಿದ್ಯುತ್ ದೀಪದ ಶಾಖದಲ್ಲಿ ಬೆಳೆಯುತ್ತವೆ. ತಾಯಿಯಿಲ್ಲ, ಕರೆಯುವವರಿಲ್ಲ. ಹತ್ತು ಹನ್ನೆರಡು ವಾರ ಭತ್ತದ ಹೊಟ್ಟಿನ ಮೇಲೆ ಗುಂಪುಗೂಡಿ ಮಲಗಿದ ಮರಿಗೆ ಅದೇ ಅಭ್ಯಾಸವಾಗುತ್ತದೆ. ಆಮೇಲೆ ಹೊಸ ಗೂಡಿಗೆ ಬಿಟ್ಟಾಗ ಅದು ಹುಡುಕುವುದು ಮೆತ್ತನೆಯ ನೆಲ, ಮೂರು ಕಡೆ ಗೋಡೆ, ಕತ್ತಲು. ಮೊಟ್ಟೆ ಪೆಟ್ಟಿಗೆಯಲ್ಲಿ ಈ ಮೂರೂ ಇವೆ.

ಸ್ವೀಡನ್ ದೇಶದಲ್ಲಿ ಬಿಡುಬೀಸಾಗಿ ಸಾಕಿದ ಮೊಟ್ಟೆಕೋಳಿಗಳ ಹಿಂಡುಗಳನ್ನು ಪರಿಶೀಲಿಸಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ನಾಲ್ಕು ವಾರ ತುಂಬುವುದರೊಳಗೆ ಅಡ್ಡಕೋಲು ಕಂಡ ಮರಿಗಳು ದೊಡ್ಡವಾದ ಮೇಲೆ ನೆಲದ ಮೇಲೆ ಮೊಟ್ಟೆಯಿಡುವುದು ಕಡಿಮೆ, ಒಂದನ್ನೊಂದು ಹಿಂಬದಿ ಕುಕ್ಕಿ ಗಾಯ ಮಾಡುವುದೂ ಕಡಿಮೆ ಎಂದು ಅದರಿಂದ ತಿಳಿದುಬಂತು. ಎಳವೆಯಲ್ಲಿ ಎತ್ತರಕ್ಕೆ ಹತ್ತಿಳಿದು ಪಳಗಿದ ಕೋಳಿಗೆ ಮಲಗುವ ಜಾಗ, ಮೊಟ್ಟೆಯಿಡುವ ಜಾಗ ಬೇರೆ ಬೇರೆಯೆಂಬ ತಿಳಿವಳಿಕೆ ಸುಲಭವಾಗಿ ಬರುತ್ತದೆ.

ಮೊದಲು ಅಡ್ಡಕೋಲನ್ನು ನೋಡಿರಿ

ಕೋಳಿಯನ್ನು ದೂರುವ ಮೊದಲು ಕೋಲು ಸರಿಯಾಗಿದೆಯೇ ಎಂದು ಪರೀಕ್ಷಿಸತಕ್ಕದ್ದು. ಕೋಳಿ ರಾತ್ರಿ ಹುಡುಕುವುದು ಗೂಡಿನಲ್ಲಿ ಎಲ್ಲಕ್ಕಿಂತ ಎತ್ತರವಾದ ಜಾಗವನ್ನು. ಅಡ್ಡಕೋಲು ಒಂದು ಅಡಿ ಎತ್ತರದಲ್ಲಿದ್ದು ಮೊಟ್ಟೆ ಪೆಟ್ಟಿಗೆ ಎರಡಡಿ ಎತ್ತರದಲ್ಲಿದ್ದರೆ ಪೆಟ್ಟಿಗೆಯಲ್ಲಿ ಮಲಗುವುದೇ ಕೋಳಿಗೆ ಸರಿ ಎನಿಸುತ್ತದೆ. ಕೋಲು ಪೆಟ್ಟಿಗೆಯ ತಳಕ್ಕಿಂತ ಕನಿಷ್ಠ ಒಂದು ಅಡಿ ಮೇಲಿರಬೇಕು. ಮೈಭಾರದ ತಳಿಗಳಿಗೆ ಪೆಟ್ಟಿಗೆ ನೆಲದಿಂದ ಒಂದಡಿ, ಕೋಲು ಎರಡಡಿ ಎತ್ತರದಲ್ಲಿದ್ದರೆ ಸಾಕು. ಇನ್ನೂ ಎತ್ತರವಾದರೆ ಇಳಿಯುವಾಗ ಧೊಪ್ಪನೆ ಬಿದ್ದು ಅಂಗಾಲಿನಲ್ಲಿ ಬಾವು ಬರುತ್ತದೆ. ಹತ್ತಲು ಅಡ್ಡಪಟ್ಟಿ ಹೊಡೆದ ಹಲಗೆಯೊಂದನ್ನು ಓರೆಯಾಗಿ ನಿಲ್ಲಿಸುವುದು ಒಳ್ಳೆಯದು. ಹಗುರ ಮೈಯ ನಾಟಿ ಕೋಳಿ ಮೂರು ನಾಲ್ಕು ಅಡಿಯನ್ನು ಲೀಲಾಜಾಲವಾಗಿ ಏರುತ್ತದೆ.

ತೊಗಟೆ ಸುಲಿದ ಸರ್ವೆ ಅಥವಾ ನೀಲಗಿರಿ ಕೋಲು ಒಳ್ಳೆಯದು. ಒಂದೂವರೆಯಿಂದ ಎರಡು ಅಂಗುಲ ದಪ್ಪವಿರಲಿ. ಚೌಕದ ರೀಪು ಬಳಸುವುದಾದರೆ ಮೇಲಿನ ಅಂಚುಗಳನ್ನು ತೋಪಡ ಹೊಡೆದು ಗುಂಡಗೆ ಮಾಡಬೇಕು. ಬಿದಿರು ಅಗ್ಗವಾಗಿ ಸಿಗುವುದೇನೋ ನಿಜ. ಆದರೆ ಅದರ ಮೈ ಜಾರುತ್ತದೆ, ಟೊಳ್ಳು ತುದಿಗಳಲ್ಲಿ ಉಣ್ಣೆ ಸೇರುತ್ತದೆ. ಬಿದಿರೇ ಗತಿಯೆಂದಾದರೆ ತುದಿಗಳನ್ನು ಮಣ್ಣು ಸಿಮೆಂಟಿನಿಂದ ಮುಚ್ಚಿ, ಮೈಯನ್ನು ಕತ್ತಿಯಿಂದ ಒರಟು ಮಾಡಬೇಕು. ಕಬ್ಬಿಣದ ಕೊಳವೆ ಬೇಡ. ಕೋಲು ಅಲುಗಾಡಬಾರದು, ಒಮ್ಮೆ ತಿರುಗಿ ಬೀಳಿಸಿದ ಕೋಲಿನ ಮೇಲೆ ಕೋಳಿ ಮತ್ತೆ ನಂಬಿ ಕೂರುವುದಿಲ್ಲ.

ಐರೋಪ್ಯ ದೇಶಗಳ ಒಕ್ಕೂಟ 1999ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪ್ರತಿ ಮೊಟ್ಟೆಕೋಳಿಗೆ ಕನಿಷ್ಠ 15 ಸೆಂ.ಮೀ. ಉದ್ದದ ಕೋಲು, ಕೋಲುಗಳ ನಡುವೆ 30 ಸೆಂ.ಮೀ., ಗೋಡೆಯಿಂದ 20 ಸೆಂ.ಮೀ. ಅಂತರವಿರಬೇಕು. ನಮ್ಮ ಬೇಸಿಗೆಯಲ್ಲಿ ಕೋಳಿಗಳು ಒತ್ತಾಗಿ ಕೂರಲು ಇಷ್ಟಪಡುವುದಿಲ್ಲವಾದ್ದರಿಂದ ತಲೆಗೆ 20 ಸೆಂ.ಮೀ. ಕೊಡುವುದು ಲೇಸು. ಆ ಲೆಕ್ಕದಲ್ಲಿ ಹದಿನೈದು ಕೋಳಿಗಳಿಗೆ ಐದಡಿಯ ಎರಡು ಕೋಲು ಬೇಕು. ಎರಡೂ ಒಂದೇ ಮಟ್ಟದಲ್ಲಿರಲಿ. ಏಣಿಯ ಮೆಟ್ಟಿಲಿನಂತೆ ಕಟ್ಟಿದರೆ ಮೇಲಿನ ಮೆಟ್ಟಿಲಿಗಾಗಿ ಜಗಳವಾಡುತ್ತವೆ, ಸೋತವು ಪೆಟ್ಟಿಗೆ ಸೇರುತ್ತವೆ.

ತಗಡಿನ ಮಾಡಿಗೆ ತೀರ ಹತ್ತಿರ ಕಟ್ಟಿದ ಕೋಲು ಬೇಸಿಗೆಯ ಸಂಜೆಯಲ್ಲಿ ಕಾದ ಬಾಣಲೆಯ ಕೆಳಗೆ ಕೂತಂತೆ. ಎರಡಡಿಯಾದರೂ ಅಂತರ ಬೇಕು. ಮಲೆನಾಡಿನಲ್ಲಿ ಮುಂಗಾರಿನ ಇರಚಲು ಬಡಿಯುವ ಕಡೆ ಕಟ್ಟಿದರೂ ಕೋಳಿ ಕೂರುವುದಿಲ್ಲ.

ರಾತ್ರಿ ಬರುವ ಶತ್ರು

ಚೆನ್ನಾಗಿ ಅಡ್ಡಕೋಲಿನ ಮೇಲೆ ಮಲಗುತ್ತಿದ್ದ ಕೋಳಿಗಳು ಒಮ್ಮೆಲೇ ಅದನ್ನು ಬಿಟ್ಟರೆ ಅನುಮಾನಿಸಬೇಕಾದುದು ಉಣ್ಣೆಯನ್ನು. ಕೋಳಿ ಉಣ್ಣೆ ಹಗಲು ಕೋಳಿಯ ಮೈಮೇಲೆ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಗೋಡೆಯ ಬಿರುಕು, ಕೋಲಿನ ಕೀಲು, ತೊಗಟೆಯ ಅಡಿಯಲ್ಲಿ ಅವಿತಿದ್ದು ರಾತ್ರಿ ಬಂದು ರಕ್ತ ಹೀರಿ ಮತ್ತೆ ಬಿರುಕು ಸೇರುತ್ತದೆ. ಅದರ ಮರಿಗಳು ಮಾತ್ರ ಕೆಲವು ದಿನ ಕೋಳಿಯ ಚರ್ಮಕ್ಕೆ, ಹೆಚ್ಚಾಗಿ ರೆಕ್ಕೆಯ ಅಡಿಯಲ್ಲಿ, ಅಂಟಿಕೊಂಡಿರುತ್ತವೆ. ಬೆಳೆದ ಉಣ್ಣೆ ರಕ್ತ ಸಿಗದಿದ್ದರೂ ವರ್ಷಕ್ಕೂ ಮೀರಿ ಬದುಕಬಲ್ಲದು. ಹೀಗಾಗಿ ಬಹಳ ದಿನ ಖಾಲಿ ಬಿಟ್ಟ ಹಳೆಯ ಗೂಡು ಸ್ವಚ್ಛವಾಗಿದೆಯೆಂದು ನಂಬುವುದು ತಪ್ಪು.

ಈ ಉಣ್ಣೆ ರಕ್ತ ಹೀರುವುದಷ್ಟೇ ಅಲ್ಲ, ಸ್ಪೈರೊಕೀಟೋಸಿಸ್ ಎಂಬ ಮಾರಕ ಜ್ವರವನ್ನೂ ಹರಡುತ್ತದೆ. ಜ್ವರ ಬಂದ ಕೋಳಿ ಹಸಿರು ಭೇದಿ ಮಾಡಿ, ತೂಕಡಿಸಿ, ಕಾಲು ಸೋತು ಬೀಳುತ್ತದೆ. ಅನೇಕರು ಇದನ್ನು ರಾಣಿಖೇತ್, ಅಂದರೆ ಕೊಕ್ಕರೆ ರೋಗವೆಂದು ಭಾವಿಸಿ ಕೈಚೆಲ್ಲುತ್ತಾರೆ. ಸಕಾಲದಲ್ಲಿ ಪಶುವೈದ್ಯರಿಗೆ ತೋರಿಸಿದರೆ ಈ ಜ್ವರಕ್ಕೆ ಚಿಕಿತ್ಸೆಯುಂಟು.

ಪರೀಕ್ಷೆ ಸುಲಭ. ಕತ್ತಲಾಗಿ ಎರಡು ಗಂಟೆಯ ನಂತರ ಟಾರ್ಚು ಹಿಡಿದು ಕೋಲಿನ ಕೆಳಮೈ ಮತ್ತು ಕೀಲುಗಳನ್ನು ನೋಡಬೇಕು. ಚಪ್ಪಟೆಯಾದ ಕಂದು ಉಣ್ಣೆಗಳು ಹರಿದಾಡುತ್ತಿರುತ್ತವೆ. ಸಾಸಿವೆಗಿಂತ ಸಣ್ಣ ಕೆಂಪು ನುಸಿಗಳೂ ಇರಬಹುದು, ಅವುಗಳ ವರಸೆಯೂ ಇದೇ. ಕಂಡುಬಂದರೆ ಕೋಲುಗಳನ್ನು ಬಿಚ್ಚಿ ಕುದಿನೀರು ಸುರಿದು ಬಿಸಿಲಿಗೆ ಹಾಕಬೇಕು, ಗೋಡೆಯ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಬೇಕು, ಪೆಟ್ಟಿಗೆಯ ಹುಲ್ಲನ್ನು ಸುಟ್ಟುಬಿಡಬೇಕು. ಔಷಧವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಬಳಸತಕ್ಕದ್ದು. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಅಂದಾಜಿನಲ್ಲಿ ಬೆರೆಸಿ ಗೂಡಿಗೆ ಬಳಿಯುವವರಿದ್ದಾರೆ; ಅದರಿಂದ ಉಣ್ಣೆಗಿಂತ ಮೊದಲು ಕೋಳಿ ಸಾಯುವ ಸಂಭವವೇ ಹೆಚ್ಚು.

ಅಭ್ಯಾಸ ಮಾಡಿಸುವ ಕ್ರಮ

ಕೋಲು ಸರಿಯಾಗಿದ್ದು, ಉಣ್ಣೆಯೂ ಇಲ್ಲವೆಂದಾದ ಮೇಲೆ ಉಳಿಯುವುದು ಅಭ್ಯಾಸದ ಮಾತು. ಹೇಂಟೆಗಳು ಬಹುಪಾಲು ಮೊಟ್ಟೆಗಳನ್ನು ಬೆಳಿಗ್ಗೆ ಹನ್ನೊಂದರೊಳಗೆ ಇಟ್ಟು ಮುಗಿಸುತ್ತವೆ; ತಡವಾಗಿ ಇಡುವ ಒಂದೆರಡು ಕೋಳಿಗಳದ್ದೂ ಮಧ್ಯಾಹ್ನ ಮೂರರ ಹೊತ್ತಿಗೆ ಮುಗಿದಿರುತ್ತದೆ. ನಾಲ್ಕು ಗಂಟೆಗೆ ಮೊಟ್ಟೆಗಳನ್ನೆಲ್ಲ ತೆಗೆದು, ಮಲಿನವಾದ ಹುಲ್ಲು ಬದಲಿಸಿ, ಪೆಟ್ಟಿಗೆಗಳ ಬಾಯಿಗೆ ಹಲಗೆ ಅಡ್ಡ ಇಡಬೇಕು. ಬರಿಯ ಗೋಣಿತಾಟು ಇಳಿಬಿಟ್ಟರೆ ಹಟಮಾರಿ ಹೇಂಟೆ ಅದನ್ನು ತಲೆಯಿಂದ ನೂಕಿ ಒಳನುಗ್ಗುತ್ತದೆ. ತಾಟಿನ ಕೆಳ ಅಂಚನ್ನು ಕಟ್ಟಬೇಕು.

ಸಂಜೆ ಕೋಳಿಗಳು ಗೂಡಿಗೆ ಬಂದು ಪೆಟ್ಟಿಗೆಯ ಮುಂದೆ ಗಲಾಟೆ ಮಾಡುತ್ತವೆ. ಮೊದಲ ದಿನ ಒಂದೂ ಕೋಲು ಹತ್ತದಿರಬಹುದು, ಮೂಲೆಯಲ್ಲಿ ಗುಡ್ಡೆಯಾಗಿ ಕೂರಬಹುದು. ಆಗ ಓಡಾಡಿಸಬಾರದು. ಪೂರ್ತಿ ಕತ್ತಲಾಗಲು ಬಿಡಬೇಕು. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಹಿಡಿದರೆ ಕೊಸರಾಡುವುದಿಲ್ಲ, ಕೂರಿಸಿದ ಜಾಗದಿಂದ ಇಳಿಯುವುದೂ ಇಲ್ಲ. ಟಾರ್ಚಿನ ಗಾಜಿಗೆ ಬಟ್ಟೆ ಸುತ್ತಿ ಮಂದ ಬೆಳಕಿನಲ್ಲಿ ಒಂದೊಂದನ್ನೇ ರೆಕ್ಕೆ ಸಮೇತ ಎರಡು ಕೈಯಿಂದ ಎತ್ತಿ, ಎದೆ ಕೋಲಿಗೆ ತಾಗುವಂತೆ ಹಿಡಿದರೆ ಅದು ತಾನೇ ಬೆರಳು ಚಾಚಿ ಕೋಲು ಹಿಡಿದುಕೊಳ್ಳುತ್ತದೆ. ಕೈಯನ್ನು ಒಂದು ಗಳಿಗೆ ಬಿಟ್ಟು ತೆಗೆಯಿರಿ.

ಹಿಂಡಿನ ಯಜಮಾನಿಯಂತಿರುವ ಹೇಂಟೆಯನ್ನು ಮೊದಲು ಕೂರಿಸಿದರೆ ಕೆಲಸ ಹಗುರ. ಅದು ಒಪ್ಪಿದರೆ ಉಳಿದವು ನಾಲ್ಕಾರು ದಿನದಲ್ಲಿ ಹಿಂಬಾಲಿಸುತ್ತವೆ. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಈ ಕೆಲಸ ಬಿಡದೆ ಮಾಡಬೇಕಾಗುತ್ತದೆ. ನಡುವೆ ಎರಡು ದಿನ ಜಾತ್ರೆಗೆಂದೋ ಮದುವೆಗೆಂದೋ ಹೋಗಿ ಪೆಟ್ಟಿಗೆ ತೆರೆದೇ ಬಿಟ್ಟರೆ ಕಲಿತದ್ದೆಲ್ಲ ಮರೆತು ಮೊದಲಿನಿಂದ ಶುರು ಮಾಡಬೇಕಾದೀತು.

ಬೆಳಗಿನ ವಿಷಯ ಮರೆಯಬಾರದು. ಪೆಟ್ಟಿಗೆಯ ಹಲಗೆ ತೆಗೆಯುವುದು ತಡವಾದರೆ ಮೊಟ್ಟೆ ನೆಲಕ್ಕೆ ಬೀಳುತ್ತದೆ, ಆಗ ಒಂದು ಕೆಟ್ಟ ಅಭ್ಯಾಸ ಬಿಡಿಸಲು ಹೋಗಿ ಇನ್ನೊಂದನ್ನು ಕಲಿಸಿದಂತಾಗುತ್ತದೆ. ಬೆಳಗಿನ ಜಾವ ಏಳಲು ಆಗದವರು ರಾತ್ರಿ ಕೋಳಿಗಳು ಕೋಲಿನ ಮೇಲೆ ಕೂತು ನಿದ್ದೆ ಹತ್ತಿದ ಮೇಲೆ ತೆಗೆದುಬಿಡಬಹುದು. ಆ ಕತ್ತಲಲ್ಲಿ ಅವು ಇಳಿದು ಬರುವುದಿಲ್ಲ. ಗೂಡಿನಲ್ಲಿ ವಿದ್ಯುತ್ ದೀಪವಿದ್ದರೆ ಒಮ್ಮೆಲೇ ಆರಿಸದೆ, ಕೋಲಿನ ಮೇಲೊಂದು ಸಣ್ಣ ದೀಪವನ್ನು ಕಾಲು ಗಂಟೆ ಹೆಚ್ಚಿಗೆ ಉರಿಸಿದರೆ ಹತ್ತಲು ದಾರಿ ಕಾಣುತ್ತದೆ.

ಕೋಲಿನ ಕೆಳಗೆ ಹಳೆಯ ತಗಡು ಅಥವಾ ಗೋಣಿ ಹಾಸಿದರೆ ರಾತ್ರಿಯ ಹಿಕ್ಕೆಯೆಲ್ಲ ಒಂದೇ ಕಡೆ ಸಿಗುತ್ತದೆ. ಅದನ್ನು ತಿಪ್ಪೆಗೆ ಸೇರಿಸಿ ಕಳಿಯಿಸಿ ತರಕಾರಿ ಮಡಿಗೆ ಹಾಕಬಹುದು. ಹಸಿಯಾಗಿ ಹಾಕಿದರೆ ಗಿಡ ಸುಡುತ್ತದೆ. ನೀರಿನ ತಟ್ಟೆ, ಮೇವಿನ ತಟ್ಟೆ ಕೋಲಿನ ಕೆಳಗಿರಕೂಡದು.

ಎಷ್ಟು ಮಾಡಿದರೂ ಒಂದು ಹೇಂಟೆ ಮಾತ್ರ ಹಗಲೂ ಪೆಟ್ಟಿಗೆ ಬಿಡದೆ, ಮುಟ್ಟಲು ಹೋದರೆ ಗರಿ ಕೆದರಿ ಕುಕ್ಕಲು ಬಂದರೆ ಅದು ಕಾವಿಗೆ ಬಂದಿದೆ. ಅದಕ್ಕೆ ಈ ಪಾಠ ಹೇಳಿ ಫಲವಿಲ್ಲ. ಮರಿ ಬೇಕಿದ್ದರೆ ಬೇರೆ ಮೂಲೆಯಲ್ಲಿ ಬುಟ್ಟಿಯಿಟ್ಟು ಕಾವಿಗೆ ಕೂರಿಸಿರಿ, ಬೇಡವಾದರೆ ಹುಲ್ಲಿಲ್ಲದ ಜಾಲರಿ ತಳದ ಪಂಜರದಲ್ಲಿ ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಡಿರಿ. ಬೇರೆ ಕೋಳಿಗಳ ಹೊಡೆತಕ್ಕೆ ಹೆದರಿ ಅವಿತುಕೊಳ್ಳುವ ಹೇಂಟೆಗೆ ಗೂಡಿನ ಇನ್ನೊಂದು ಬದಿಯಲ್ಲಿ ಪ್ರತ್ಯೇಕ ಕೋಲು ಕಟ್ಟಬೇಕು. ತೂಗಿ ಕುಳಿತು ಮೇವು ಬಿಟ್ಟಿದ್ದರೆ ಅದು ರೋಗದ ಲಕ್ಷಣ. ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು.

ಮುಂದಿನ ಸಲ ಮರಿ ತಂದಾಗ ಇಷ್ಟೆಲ್ಲ ತೊಂದರೆ ಬೇಕಿಲ್ಲ. ಮೂರನೆಯ ವಾರದಲ್ಲೇ ಶಾಖದ ದೀಪದಿಂದ ತುಸು ದೂರದಲ್ಲಿ, ನೆಲದಿಂದ ನಾಲ್ಕು ಅಂಗುಲ ಎತ್ತರಕ್ಕೆ, ಹೆಬ್ಬೆರಳು ದಪ್ಪದ ಒಂದು ಕೋಲನ್ನು ಎರಡು ಇಟ್ಟಿಗೆಗಳ ಮೇಲೆ ಭದ್ರವಾಗಿ ಇಡಿರಿ. ಮರಿಗಳು ಹಗಲು ಆಟಕ್ಕೆ ಹತ್ತಿಳಿಯುತ್ತವೆ. ಎರಡು ವಾರಕ್ಕೊಮ್ಮೆ ಒಂದೊಂದು ಇಟ್ಟಿಗೆ ಏರಿಸುತ್ತ, ಕೋಲಿನ ದಪ್ಪವನ್ನೂ ಹೆಚ್ಚಿಸುತ್ತ ಬನ್ನಿರಿ. ಮೊಟ್ಟೆ ಪೆಟ್ಟಿಗೆಗಳನ್ನು ಹದಿನಾರನೆಯ ವಾರದವರೆಗೂ ತೆರೆಯಬೇಡಿರಿ. ಮನೆಯಲ್ಲಿ ಅಡ್ಡಕೋಲಿಗೆ ಪಳಗಿದ, ರೋಗವಿಲ್ಲದ ಒಂದೆರಡು ನಾಟಿ ಹೇಂಟೆಗಳಿದ್ದರೆ ಹತ್ತು ಹನ್ನೆರಡು ವಾರದ ಮರಿಗಳ ಜೊತೆ ಅವನ್ನೂ ಸಂಜೆ ಅದೇ ಗೂಡಿಗೆ ಕೂಡಿರಿ; ಉಳಿದದ್ದನ್ನು ಅವೇ ಕಲಿಸುತ್ತವೆ.