ಇಬ್ಬರು ರಾನಿ, ಒಬ್ಬ ವೈಲಿ

1968ರಲ್ಲಿ ಲಂಡನ್ನಿನ ‘ಫ್ರಾಸ್ಟ್ ಆನ್ ಸಂಡೇ’ ಟಿವಿ ತಂಡಕ್ಕೆ ಒಂದು ಒಗಟು ಎದುರಾಗಿತ್ತು. ಜೆರಾಲ್ಡ್ ವೈಲಿ ಎಂಬ ಹೆಸರಿನಲ್ಲಿ ಸೊಗಸಾದ ಪ್ರಹಸನಗಳು ಬರುತ್ತಿದ್ದವು, ಆದರೆ ಬರೆದವನನ್ನು ಕಂಡವರಿರಲಿಲ್ಲ. ನಾಟಕಕಾರ ಟಾಮ್ ಸ್ಟಾಪರ್ಡ್ ಇರಬಹುದೇ ಎಂದು ಕೆಲವರು ಊಹಿಸಿದರು. ಕೊನೆಗೆ ವೈಲಿಯೇ ತಂಡವನ್ನು ಚೀನೀ ಹೋಟೆಲೊಂದಕ್ಕೆ ಊಟಕ್ಕೆ ಕರೆದ. ಅಲ್ಲಿ ‘ನಾನೇ ವೈಲಿ’ ಎಂದು ಎದ್ದು ನಿಂತವರು ಅದೇ ತಂಡದ ನಟ ರಾನಿ ಬಾರ್ಕರ್!

ಹೆಸರು ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ನಟನ ಮುಲಾಜಿಗೆ ಬೀಳದೆ, ಬರಹ ಚೆನ್ನಾಗಿದ್ದರೆ ಮಾತ್ರ ತೆಗೆದುಕೊಳ್ಳಲಿ ಎಂಬುದು ಬಾರ್ಕರ್ ಆಸೆ. ಅವರ ಜೊತೆಗಾರ ರಾನಿ ಕಾರ್ಬೆಟ್‌ಗೂ ಗುಟ್ಟು ಗೊತ್ತಿರಲಿಲ್ಲ. ವೈಲಿಯ ಒಂದು ಪ್ರಹಸನದ ಹಕ್ಕು ಕೊಳ್ಳಲು ಕಾರ್ಬೆಟ್ ಹೊರಟಾಗ 3,000 ಪೌಂಡ್ ಬೆಲೆ ಕೇಳಿಬಂತು. ‘ತೀರಾ ದುಬಾರಿ, ಬೇಡ’ ಎಂದು ಬುದ್ಧಿ ಹೇಳಿದ್ದೂ ಬಾರ್ಕರ್ ಅವರೇ!

ಬೆಡ್‌ಫರ್ಡ್‌ನಲ್ಲಿ 1929ರಲ್ಲಿ ಹುಟ್ಟಿದ ಬಾರ್ಕರ್ ಮತ್ತು ಎಡಿನ್‌ಬರೋದಲ್ಲಿ 1930ರಲ್ಲಿ ಹುಟ್ಟಿದ ಕಾರ್ಬೆಟ್ ಮೊದಲು ಭೇಟಿಯಾದದ್ದು ಲಂಡನ್ನಿನ ಬಕ್‌ಸ್ಟೋನ್ ಕ್ಲಬ್‌ನಲ್ಲಿ. ನಟನೆಗೆ ಅವಕಾಶವಿಲ್ಲದ ದಿನಗಳಲ್ಲಿ ಕಾರ್ಬೆಟ್ ಅಲ್ಲಿ ಬಾರ್ ನೋಡಿಕೊಳ್ಳುತ್ತಿದ್ದರು. 1966ರ ಟಿವಿ ಕಾರ್ಯಕ್ರಮ ‘ಫ್ರಾಸ್ಟ್ ರಿಪೋರ್ಟ್’ನಲ್ಲಿ ಆರಡಿ ಮೀರಿದ ನಟ ಜಾನ್ ಕ್ಲೀಸ್, ನಡುವೆ ಬಾರ್ಕರ್, ಕೊನೆಗೆ ಐದಡಿ ಒಂದಿಂಚಿನ ಕಾರ್ಬೆಟ್ ಸಾಲಾಗಿ ನಿಂತು ಬ್ರಿಟನ್ನಿನ ಮೇಲು, ಮಧ್ಯಮ, ಕೆಳವರ್ಗಗಳಾದರು. ಆ ಪ್ರಹಸನವನ್ನು ಅಲ್ಲಿನ ಜನ ಇಂದಿಗೂ ಮರೆತಿಲ್ಲ.

ಇಬ್ಬರ ಹೆಸರಿನದೇ ಕಾರ್ಯಕ್ರಮ ಸಿಕ್ಕಿದ್ದು ಒಂದು ಆಕಸ್ಮಿಕದಿಂದ. ಲಂಡನ್ ಪಲೇಡಿಯಂನಲ್ಲಿ ಪ್ರಶಸ್ತಿ ಸಮಾರಂಭ ನಡೆಯುತ್ತಿದ್ದಾಗ ತಾಂತ್ರಿಕ ತೊಂದರೆಯಾಗಿ ಎಲ್ಲವೂ ನಿಂತುಹೋಯಿತು. ವೇದಿಕೆಯಲ್ಲಿದ್ದ ಇಬ್ಬರೂ ಪೂರ್ವತಯಾರಿಯಿಲ್ಲದೆ ಹಲವು ನಿಮಿಷ ಸಭೆಯನ್ನು ನಗಿಸಿದರು. ಪ್ರೇಕ್ಷಕರ ನಡುವೆ ಕುಳಿತಿದ್ದ ಬಿಬಿಸಿಯ ಮನರಂಜನಾ ವಿಭಾಗದ ಮುಖ್ಯಸ್ಥ ಬಿಲ್ ಕಾಟನ್ ಅಲ್ಲೇ ಮನಸ್ಸು ಮಾಡಿದರು. 1971ರ ಏಪ್ರಿಲ್ 10ರಂದು ‘ದ ಟೂ ರಾನೀಸ್’ ಶುರುವಾಯಿತು.

ಒಬ್ಬ ಪೆದ್ದ, ಒಬ್ಬ ಜಾಣ ಎಂಬ ಹಳೆಯ ಜೋಡಿಸೂತ್ರ ಇಲ್ಲಿರಲಿಲ್ಲ. ಪಾತ್ರಕ್ಕೆ ತಕ್ಕಂತೆ ಯಾರು ಬೇಕಾದರೂ ನಗಿಸಬಹುದಿತ್ತು. ದೊಡ್ಡ ಕುರ್ಚಿಯಲ್ಲಿ ಕುಳಿತು ಹಾದಿ ತಪ್ಪುತ್ತಲೇ ಕಥೆ ಹೇಳುವ ಸರದಿ ಕಾರ್ಬೆಟ್ ಅವರದು. ಅದನ್ನು ಸ್ಪೈಕ್ ಮಲಿನ್ಸ್, ಆಮೇಲೆ ಡೇವಿಡ್ ರೆನ್‌ವಿಕ್ ಬರೆದುಕೊಟ್ಟರು. ನಾಲಿಗೆ ತೊಡರುವ ಗಣ್ಯರ ಭಾಷಣಗಳು ಬಾರ್ಕರ್ ಪಾಲಿಗೆ. ಇಬ್ಬರೂ ಬೇರೆ ಬೇರೆ ಧಾರಾವಾಹಿಗಳಲ್ಲೂ ನಟಿಸುತ್ತಿದ್ದರು. ಬಾರ್ಕರ್‌ಗೆ ‘ಪಾರಿಡ್ಜ್’, ಕಾರ್ಬೆಟ್‌ಗೆ ‘ಸಾರಿ!’ ಹೆಸರು ತಂದವು.

ಆದರೂ ಕಾರ್ಯಕ್ರಮದ ಶಿಖರ ವೈಲಿಯದೇ. 1976ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ಹಾರ್ಡ್‌ವೇರ್ ಅಂಗಡಿಯ ಪ್ರಹಸನದಲ್ಲಿ ಗಿರಾಕಿ ಬಾರ್ಕರ್, ಅಂಗಡಿಯವ ಕಾರ್ಬೆಟ್. ಗಿರಾಕಿ ಕೇಳುವುದು ‘ಫೋರ್ಕ್ ಹ್ಯಾಂಡಲ್ಸ್’, ಅಂದರೆ ತೋಟದ ಫೋರ್ಕಿನ ಹಿಡಿ. ಗಿರಾಕಿ ‘ಹ’ಕಾರ ನುಂಗುವವನಾದ್ದರಿಂದ ಅಂಗಡಿಯವನಿಗೆ ‘ಫೋರ್ ಕ್ಯಾಂಡಲ್ಸ್’ ಎಂದು ಕೇಳಿಸುತ್ತದೆ, ಅವನು ನಾಲ್ಕು ಮೇಣದಬತ್ತಿ ತಂದಿಡುತ್ತಾನೆ. ಮುಂದೆ ‘ಓಸ್’ ಎಂದಾಗ ಗುದ್ದಲಿ, ನೀರಿನ ಪೈಪು, ಹೆಂಗಸರ ಕಾಲುಚೀಲ ಒಂದೊಂದಾಗಿ ಬರುತ್ತವೆ. ಗಿರಾಕಿಗೆ ಬೇಕಾಗಿದ್ದದ್ದು ಗೇಟಿಗೆ ಅಂಟಿಸುವ ‘ಓ’ ಅಕ್ಷರಗಳು! ಅಂಗಡಿಯವನ ಸಹನೆ ಹಂತಹಂತವಾಗಿ ಕರಗುವುದನ್ನು ಕಾರ್ಬೆಟ್ ಮುಖದಲ್ಲೇ ನೋಡಬೇಕು.

1987ರ ಕ್ರಿಸ್‌ಮಸ್ ಕಂತಿನೊಂದಿಗೆ ಕಾರ್ಯಕ್ರಮ ಮುಗಿಯಿತು. ಬಾರ್ಕರ್ 58ರ ವಯಸ್ಸಿಗೇ ನಟನೆ ಬಿಟ್ಟು ಚಿಪ್ಪಿಂಗ್ ನಾರ್ಟನ್‌ನಲ್ಲಿ ಹಳೆಯ ವಸ್ತುಗಳ ಅಂಗಡಿ ನಡೆಸಿದರು. 2005ರಲ್ಲಿ ಅವರು, 2016ರಲ್ಲಿ ಕಾರ್ಬೆಟ್ ತೀರಿಕೊಂಡರು. ಮೇಣದಬತ್ತಿಯ ಆ ಪ್ರಹಸನವನ್ನು ಬಾರ್ಕರ್ ಕೈಯಾರೆ ಬರೆದಿದ್ದ ಹಾಳೆಗಳು 2007ರ ಹರಾಜಿನಲ್ಲಿ 48,500 ಪೌಂಡ್‌ಗೆ ಮಾರಾಟವಾದವು.